ಬೋಟ್ ಓಡುವಾಗ ಹಕ್ಕಿ ಮಲಗಿರ್ತಾವೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಅಲೆಪ್ಪಿ ಹೌಸ್‌ಬೋಟ್ ಬಗ್ಗೆ ಬಂದಿದ್ದ ಲೇಖನ ಓದ್ದೆ. ಕರಿಮೀನು ಫ್ರೈ, ಎಸಿ ರೂಮು, ಡೆಕ್ ಮೇಲೆ ಫೋಟೋ ಎಲ್ಲಾ ಇತ್ತು, ಹಕ್ಕಿ ವಿಷಯಕ್ಕೆ ಬಂದ್ರೆ ಮಾತ್ರ 'ನಾನಾ ಬಗೆಯ ಪಕ್ಷಿಗಳನ್ನೂ ಕಾಣಬಹುದು' ಅಂತ ಒಂದೇ ಸಾಲು. ಎಲ್ಲಿ ಕಾಣ್ಬಹುದು, ಎಷ್ಟೊತ್ಗೆ ಕಾಣ್ಬಹುದು ಅನ್ನೋದೇ ಇಲ್ವಲ್ಲ ಸಾರ್. ಮಕ್ಕಳಿಗೆ ಹಕ್ಕಿ ತೋರ್ಸೋಣ ಅಂತ ದುಡ್ಡು ಕೊಟ್ಟು ಹೋಗೋರು ಬೇಕಾದಷ್ಟು ಜನ ಇದಾರೆ, ಅವರಿಗಾಗಿ ಈ ಪತ್ರ.

ಮೊದಲು ಹೌಸ್‌ಬೋಟ್ ಟೈಮಿಂಗ್ ನೋಡಿ. ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸ್ಕೋತಾರೆ, ಸ್ವಲ್ಪ ದೂರ ಹೋಗಿ ಊಟಕ್ಕೆ ನಿಲ್ಸ್ತಾರೆ, ಆಮೇಲೆ ಉರಿಬಿಸಿಲಲ್ಲಿ ಸುತ್ತಾಡ್ಸಿ ಐದೂವರೆ ಆರು ಅನ್ನೋಷ್ಟರಲ್ಲಿ ದಡಕ್ಕೆ ಕಟ್ಟಾಕ್ತಾರೆ, ಯಾಕಂದ್ರೆ ಸಂಜೆ ಮೇಲೆ ಅಲ್ಲಿನ ಮೀನುಗಾರರು ಬಲೆ ಬಿಡ್ತಾರೆ, ದೊಡ್ಡ ಬೋಟು ಓಡಾಡಿದ್ರೆ ಬಲೆ ಹರಿದೋಗುತ್ತೆ. ಬೆಳಗ್ಗೆ ತಿಂಡಿ ಕೊಟ್ಟು ಒಂದು ರೌಂಡ್ ಹಾಕಿ ಒಂಬತ್ತಕ್ಕೆ ಇಳಿಸ್ಬಿಡ್ತಾರೆ. ಇನ್ನು ನೀರಹಕ್ಕಿಗಳು ಮೇಯೋದು ಯಾವಾಗ? ಬೆಳಕು ಹರಿಯೋವಾಗ, ಮತ್ತೆ ಹೊತ್ತು ಮುಳುಗೋ ಮುಂಚೆ. ಮಧ್ಯಾಹ್ನ ಹೆಚ್ಚಿನವು ನೆರಳಲ್ಲಿ ಸುಮ್ನೆ ಕೂತಿರ್ತಾವೆ. ಅಂದ್ರೆ ಬೋಟ್ ಓಡುವಾಗ ಹಕ್ಕಿ ಮಲಗಿರ್ತಾವೆ, ಹಕ್ಕಿ ಎದ್ದಾಗ ಬೋಟ್ ಕಟ್ಟಾಕಿರ್ತಾರೆ! ಇದನ್ನ ಯಾವ ಪ್ಯಾಕೇಜ್‌ನವರೂ ಹೇಳಲ್ಲ.

ಅದಕ್ಕೆ ಬುಕ್ ಮಾಡೋವಾಗ ಬೋಟಲ್ಲಿ ಟೀವಿ ಇದೆಯಾ ಅಂತ ಕೇಳೋ ಬದ್ಲು ರಾತ್ರಿ ಎಲ್ಲಿ ಕಟ್ತೀರ ಅಂತ ಕೇಳ್ಬೇಕು. ಊರಿನ ಹತ್ರ ಸಾಲಾಗಿ ಹತ್ತಾರು ಬೋಟು ನಿಲ್ಲೋ ಜಾಗ ಆದ್ರೆ ಪಕ್ಕದ ಬೋಟಿನ ಜನರೇಟರ್ ಸದ್ದು ಬಿಟ್ಟು ಬೇರೇನೂ ಸಿಗಲ್ಲ. ಗದ್ದೆ ಬದಿಗೆ ಕಟ್ಟಿ ಅಂತ ಹಟ ಹಿಡೀಬೇಕು. ಅಲೆಪ್ಪಿ ಸುತ್ತಿನ ಕುಟ್ಟನಾಡು ಪ್ರದೇಶದ ಬಹಳಷ್ಟು ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗಿದಾವೆ, ಒಂದು ಕಡೆ ಕಾಲುವೆ ನೀರು ಮೇಲೆ, ಇನ್ನೊಂದು ಕಡೆ ಗದ್ದೆ ಕೆಳಗೆ, ಮಧ್ಯೆ ಜನ ಓಡಾಡೋ ಏರಿ. ಬಿತ್ತನೆಗೆ ಮುಂಚೆ ಗದ್ದೆ ನೀರನ್ನ ಪಂಪ್ ಹಚ್ಚಿ ಕಾಲುವೆಗೆ ಎತ್ತಿ ಹಾಕ್ತಾರಲ್ಲ, ಆವಾಗ ಕೆಸರಲ್ಲಿ ಸಿಕ್ಕಿಬಿದ್ದ ಮೀನಿಗೆ, ಬಸವನಹುಳಕ್ಕೆ ಬೆಳ್ಳಕ್ಕಿ, ಬಾಯ್ಕಳಕ ಕೊಕ್ಕರೆ ಎಲ್ಲಾ ಮುತ್ತಿಕೊಳ್ತಾವೆ.

ನಾವು ಜನವರೀಲಿ ಹೋದಾಗ ಪೈರು ಎದ್ದಿತ್ತು. ಸಂಜೆ ಬೋಟ್ ಕಟ್ಟಿದ ಮೇಲೆ ಬಜ್ಜಿ ಕೈಲಿ ಹಿಡ್ಕೊಂಡೇ ಏರಿ ಮೇಲೆ ನಡ್ಕೊಂಡು ಹೋದ್ವಿ, ಮೀಸೆ ರೀವ ಅನ್ನೋ ಬೂದು ಬಣ್ಣದ ನೀರಹಕ್ಕಿಗಳು ಗದ್ದೆ ಮೇಲೆ ಇಳಿಯೋದು ಏಳೋದು ಮಾಡ್ತಿದ್ವು, ತೆಂಗಿನ ಮರದ ತುದೀಲಿ ಗರುಡ ಕೂತಿತ್ತು, ನಮ್ಮತ್ತೆ ಚಪ್ಪಲಿ ಬಿಟ್ಟು ಕೈ ಮುಗಿದ್ರು.

ಬೆಳಗ್ಗೆ ಆರಕ್ಕೇ ಅಲ್ಲೇ ಒಬ್ಬರ ಚಿಕ್ಕ ದೋಣಿ ಗೊತ್ತು ಮಾಡ್ಕೊಂಡು ದೊಡ್ಡ ಬೋಟು ನುಗ್ಗೋಕಾಗ್ದಿರೋ ಸಂದಿ ಕಾಲುವೆಗೆ ಹೋದ್ವಿ. ಹುಟ್ಟು ಹಾಕೋ ದೋಣಿ, ಇಂಜಿನ್ ಇಲ್ಲ. ನೋಡಿದ್ದೆಲ್ಲಾ ಅಲ್ಲೇ ಅನ್ನಿ. ಒಂದು ಗೂಟದ ಮೇಲೆ ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗಿಸ್ಕೋತಾ ಕೂತಿತ್ತು, ಅತ್ತೆ 'ಇದು ನಮ್ಮ ಕೆರೆ ನೀರುಕಾಗೆ ಅಲ್ವೇನೇ' ಅಂದ್ರು. ಹಾಗನ್ನಿಸೋದು ಸಹಜ, ಎರಡೂ ರೆಕ್ಕೆ ಒಣಗಿಸ್ತಾವೆ. ಆದ್ರೆ ನೀರುಕಾಗೆ ಕೊಕ್ಕಿನ ತುದಿ ಕೊಕ್ಕೆ ಥರ ಬಾಗಿರುತ್ತೆ, ಹಾವಕ್ಕಿದು ನೇರ ದಬ್ಬಳ. ನಾವು ನೋಡ್ತಿದ್ದಂಗೇ ಅದು ನೀರಿಗಿಳೀತು, ಮೈ ಪೂರ್ತಿ ಮುಳುಗಿ ಕತ್ತು ಮಾತ್ರ ಮೇಲೆ, ನನ್ನ ಚಿಕ್ಕ ಮಗ ಹಾವು ಹಾವು ಅಂತ ಕೂಗ್ಬಿಟ್ಟ. ಮತ್ತೆ ಎದ್ದಾಗ ಕೊಕ್ಕಲ್ಲಿ ಮೀನು ಚುಚ್ಕೊಂಡಿತ್ತು, ಕಚ್ಚಿದ್ದಲ್ಲ, ಚುಚ್ಚಿದ್ದು. ತಲೆ ಕೊಡವಿ ಬಿಡಿಸ್ಕೊಂಡು, ಮೇಲಕ್ಕೆ ಎಸೆದು, ಮೀನಿನ ತಲೆ ಮೊದಲು ಬರೋ ಹಂಗೆ ಹಿಡಿದು ನುಂಗ್ತು. ಕಿವಿರು ಮುಳ್ಳು ಗಂಟ್ಲಿಗೆ ಸಿಕ್ಕಬಾರ್ದಲ್ಲ.

ಅಂತರಗಂಗೆ ಕಳೆ ಅಂತೂ ಚಾಪೆ ಹಾಸಿದಂಗೆ ಬೆಳೆದಿದೆ. ಉಪ್ಪುನೀರು ಬಂದ್ರೆ ಅದು ಸಾಯುತ್ತೆ, ಆದ್ರೆ ಬೆಳೆಗೆ ಉಪ್ಪು ಬರಬಾರ್ದು ಅಂತ ವೇಂಬನಾಡ್ ಕೆರೆಗೆ ಕಟ್ಟಿರೋ ತಣ್ಣೀರ್‌ಮುಕ್ಕಂ ಅಡ್ಡಗಟ್ಟೆ ಬಾಗಿಲು ಬೇಸಾಯದ ತಿಂಗಳಲ್ಲಿ ಮುಚ್ತಾರೆ, ಹಂಗಾಗಿ ಕಳೆಗೂ ಸುಗ್ಗಿ. ದೋಣಿಯವರಿಗೆ ಅದು ಶನಿ, ದೇವನಕ್ಕಿಗೆ ಅದೇ ಅಂಗಳ. ಉದ್ದುದ್ದ ಬೆರಳಿಂದ ಎಲೆ ಮೇಲೇ ನಡ್ಕೊಂಡು ಹೋಗುತ್ತೆ, ಮುಳುಗಲ್ಲ. ಇದರಲ್ಲಿ ಮೊಟ್ಟೆಗೆ ಕಾವು ಕೂರೋದು, ಮರಿ ನೋಡ್ಕೊಳ್ಳೋದು ಎಲ್ಲಾ ಗಂಡು, ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಹತ್ರ ಹೋಗ್ಬಿಡುತ್ತೆ. ಇದನ್ನ ಹೇಳಿದ್ದಕ್ಕೆ ನಮ್ ಯಜಮಾನ್ರು ಕ್ಯಾಮೆರಾ ಒರೆಸ್ತಾ ಕೂತ್ರು, ಮಾತಾಡ್ಲಿಲ್ಲ. ನೀರುನಾಯಿ ಮಾತ್ರ ಕಾಣ್ಲಿಲ್ಲ, ಅವು ಬಲೆ ಕಡಿದು ಮೀನು ತಿಂತಾವೆ ಅಂತ ದೋಣಿಯವರು ಬೈಕೊಳ್ತಾ ಇದ್ರು.

ವಾಪಸ್ ಬರೋವಾಗ ನಮ್ಮದೇ ಕನ್ನಡದೋರ ಒಂದು ಬೋಟು, ಎಂಟು ಗಂಟೆಗೇ ಡೆಕ್ ಮೇಲೆ ಎರಡು ದೊಡ್ಡ ಸ್ಪೀಕರ್ ಇಟ್ಕೊಂಡು ಡ್ಯಾನ್ಸು. ದಡದ ಪೊದೇಲಿದ್ದ ಕೆನ್ನೀಲಿ ಬಕ ಎದ್ದು ಹೋಯ್ತು. ಡ್ಯಾನ್ಸ್ ಬೇಡ ಅನ್ನಲ್ಲ, ರಜಾ ಅಂದ್ರೆ ಖುಷಿಗೇ ಬರೋದು, ಆದ್ರೆ ದಡದಲ್ಲಿ ಜನರ ಮನೆ ಇದಾವೆ, ಹೆಂಗಸ್ರು ಮೆಟ್ಟಿಲ ಮೇಲೆ ಪಾತ್ರೆ ತೊಳೀತಿರ್ತಾರೆ, ಅವರ ಬೀದಿ ಅದು.

ಬಜೆಟ್ ಕಮ್ಮಿ ಇರೋರು ಹೌಸ್‌ಬೋಟೇ ಬೇಡ, ಕೇರಳ ಸರ್ಕಾರದ ಫೆರಿ ಬೋಟ್ ಹತ್ತಿ, ಟಿಕೆಟ್ ಬಸ್ ಚಾರ್ಜಿನಷ್ಟೇ. ವೇಂಬನಾಡ್ ಕೆರೇಲಿ ವೈಕಂನಿಂದ ತವಣಕ್ಕಡವಿಗೆ 2017ರಿಂದ 'ಆದಿತ್ಯ' ಅಂತ ಸೋಲಾರ್ ಬೋಟ್ ಓಡ್ತಿದೆ, 75 ಜನ ಕೂರ್ತಾರೆ, ಡೀಸೆಲ್ ಇಂಜಿನ್ನಿನ ಗಡಗಡ ಇಲ್ಲ, ಹೊಗೆ ಇಲ್ಲ.

ಇಂಥ ಸದ್ದಿಲ್ಲದ ಬೋಟು ನಮ್ಮಲ್ಲೂ ಎಲ್ಲಾ ಕಡೆ ಯಾಕೆ ಬಿಡ್ಬಾರ್ದು ಅನ್ನೋದೇ ನನ್ನ ಪ್ರಶ್ನೆ. ರಂಗನತಿಟ್ಟಲ್ಲಿ ಅರಣ್ಯ ಇಲಾಖೆಯವರು ಹುಟ್ಟು ಹಾಕಿ ಕರ್ಕೊಂಡು ಹೋಗೋದ್ರಿಂದಲೇ ಬಂಡೆ ಮೇಲೆ ಬಾಯಿ ತೆರ್ಕೊಂಡು ಮಲಗಿರೋ ಮೊಸಳೆ ಪಕ್ಕದಲ್ಲೇ ಹಾದು ಹೋದ್ರೂ ಅದು ಅಲ್ಲಾಡಲ್ಲ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರೋ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಲ್ಲೂ ಈಗ ಪ್ರವಾಸಿ ಬೋಟುಗಳು ಜಾಸ್ತಿ ಆಗ್ತಿವೆ. ಅಲ್ಲಿ ಕನಿಷ್ಠ ಕಾಂಡ್ಲಾ ಒಳಗಿನ ಸಂದಿಗಳಿಗಾದ್ರೂ ಹುಟ್ಟಿನ ದೋಣಿ ಅಥವಾ ಬ್ಯಾಟರಿ ಬೋಟ್ ಮಾತ್ರ ಬಿಡಿ ಅಂತ ಪ್ರವಾಸೋದ್ಯಮ ಇಲಾಖೆಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೋತೀನಿ. ಬೆಳಗ್ಗೆ ಆರಕ್ಕೇ ಟಿಕೆಟ್ ಕೌಂಟರ್ ತೆಗೀಲಿ, ಹತ್ತು ಗಂಟೆ ಮೇಲೆ ತೆಗೆದ್ರೆ ತೋರ್ಸೋಕೆ ಬಿಸಿಲು ಮಾತ್ರ ಇರುತ್ತೆ.

ಇತಿ,
ನಿಮ್ಮ ಓದುಗರೊಬ್ಬರು, ತುಮಕೂರು