ಅಪ್ಪನ ಹಾಳೆ ಬೇರೆ ಇಟ್ಟಿದ್ದೇನೆ

ಓಸ್ಲೋ
ಫೆಬ್ರವರಿ, ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾನು ಕ್ಷೇಮ. ನಿನ್ನ ಕಾಗದದ ಫೋಟೋ ಮಂಜು ನಿನ್ನೆ ವಾಟ್ಸಾಪಿನಲ್ಲಿ ಕಳಿಸಿದ. ಫೋನ್ ಮಾಡಿದಾಗ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಏನೂ ಹೇಳುವ ಹಾಗಿಲ್ಲ ಅಂತ ಬರೆದಿದ್ದೀಯಲ್ಲ, ಬರೆದು ಒಳ್ಳೇದು ಮಾಡಿದೆ. ನಾನೂ ಹಾಗೇ ಮಾಡ್ತೀನಿ. ಅಂಚೆಗೆ ಹಾಕಿದರೆ ವಾರಗಟ್ಟಲೆ ಆಗುತ್ತೆ. ಬರೆದು ಫೋಟೋ ತೆಗೆದು ಮಂಜುಗೆ ಕಳಿಸ್ತೀನಿ, ಅವನು ಪ್ರಿಂಟ್ ಹಾಕಿಸಿ ತರ್ತಾನೆ. ಈ ಹಾಳೆ ನಿನಗೆ ಮಾತ್ರ. ಅಪ್ಪನ ಹಾಳೆ ಬೇರೆ ಇಟ್ಟಿದ್ದೇನೆ. ಅದನ್ನು ಅವರ ಕೈಗೇ ಕೊಡು.

ಅಪ್ಪನಿಗೆ ಕೆಮ್ಮು ಶುರುವಾಗಿ ತಿಂಗಳು ದಾಟಿತು, ಸಂಜೆ ಹೊತ್ತು ಮೈ ಬಿಸಿ, ರಾತ್ರಿ ಬನಿಯನ್ ಒದ್ದೆಯಾಗುವಷ್ಟು ಬೆವರು ಅಂತ ಬರೆದಿದ್ದೀಯ. ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡು ಬಂದರು ಅಂತ ಓದಿದಾಗ ನನಗೆ ಜೀವ ಹಾರಿಹೋಯಿತು. ಮೆಡಿಕಲ್ ಶಾಪಿನ ಸಿರಪ್ ಇನ್ನು ಸಾಕು ಅಮ್ಮಾ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು, ಅದು ಅಲ್ಲಿನ ಆಶಾ ಕಾರ್ಯಕರ್ತೆಗೂ ಗೊತ್ತಿರುವ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಪೈಸೆ ಖರ್ಚಿಲ್ಲ. ಟಿ.ಬಿ. ಅಂತಲೇ ಆದರೂ ಮಾತ್ರೆ ಪುಕ್ಕಟೆ, ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಅವರೇ ಬ್ಯಾಂಕಿಗೆ ಹಾಕುತ್ತಾರೆ. ಟಿ.ಬಿ. ಆಗಿರಲಿಕ್ಕಿಲ್ಲ. ಇನ್ನೇನೋ ಸಣ್ಣದಿರಬಹುದು. ಆದರೆ ಇರಬಹುದು, ಇಲ್ಲದಿರಬಹುದು ಅಂತ ನಾವು ಮನೇಲಿ ಕೂತು ಹೇಳುವುದಲ್ಲ ಅದು.

ಜನ ಏನಂತಾರೋ ಅನ್ನುವ ಹೆದರಿಕೆ ಅವರಿಗೆ. ಸ್ಕೂಲಿನ ಹುಡುಗರು, ರತ್ನತ್ತೆ ಮನೆಯವರು, ಎಲ್ಲರಿಗೂ ಗೊತ್ತಾಗುತ್ತೆ ಅಂತ. ಅದಕ್ಕೇ ಅವರ ಹಾಳೆಯಲ್ಲಿ ಅವರಿಗೆ ಇಷ್ಟವಾದ ವಿಷಯದಿಂದಲೇ ಶುರು ಮಾಡಿದ್ದೇನೆ. ನೀನು ಹೇಳಿಕೊಟ್ಟೆ ಅಂತ ಅನುಮಾನ ಬರದ ಹಾಗೆ ಬರೆದಿದ್ದೇನೆ. ಫೋನಿನಲ್ಲೇ ನನಗೆ ಕೆಮ್ಮು ಕೇಳಿಸುತ್ತೆ, ಅದು ಸುಳ್ಳೂ ಅಲ್ಲ.

ನೀನು ಧೈರ್ಯವಾಗಿರು. ನಾನಿದ್ದೇನೆ, ಮಂಜು ಇದ್ದಾನೆ. ದುಡ್ಡಿನ ಯೋಚನೆ ಬೇಡವೇ ಬೇಡ.

*

(ಅಪ್ಪನ ಹಾಳೆ)

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನೀವು ಕೊಟ್ಟ ಪ್ರಶ್ನೆಗಳ ಪಟ್ಟಿ ಮೇಜಿನ ಮೇಲೇ ಇದೆ. ಚಿತ್ರಗಾರ ಮುಂಕ್ ಅವರ ಮ್ಯೂಸಿಯಂಗೆ ಇನ್ನೂ ಹೋಗಿಲ್ಲ ಅಂತ ಪ್ರತಿ ಸಲ ಕೇಳುತ್ತೀರಲ್ಲ, ಈ ಶನಿವಾರ ಹೋಗುವುದು ಅಂತ ಗಟ್ಟಿ ಮಾಡಿದ್ದೇನೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು ಅಂತ ಲೆಕ್ಕ. ಟಿಕೆಟ್ ಆನ್‌ಲೈನಿನಲ್ಲೇ ಸಿಗುತ್ತೆ. ಸೆಂಟ್ರಲ್ ರೈಲ್ವೆ ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗಬಹುದು, ಸಮುದ್ರದ ದಂಡೆಗೆ. ದಾರಿಯಲ್ಲಿ ಆಪೆರಾ ಹೌಸ್ ಸಿಗುತ್ತೆ, ಬಿಳಿ ಕಲ್ಲಿನದು. ಅದರ ಮಾಡು ನೆಲದಿಂದಲೇ ಇಳಿಜಾರಾಗಿ ಎದ್ದಿದೆ, ಯಾರು ಬೇಕಾದರೂ ನಡೆದು ಮೇಲೆ ಹತ್ತಬಹುದು. ಮಕ್ಕಳು ಓಡಾಡುತ್ತಿರುತ್ತಾರೆ, ಯಾರೂ ಬೈಯುವುದಿಲ್ಲ. ಅಮ್ಮನಿಗೆ ಅದನ್ನು ತೋರಿಸಬೇಕು.

ಮ್ಯೂಸಿಯಂ ಕಟ್ಟಡವನ್ನು ಹೊರಗಿನಿಂದ ದಿನಾ ನೋಡುತ್ತೇನೆ, ನಮ್ಮ ಬಸ್ಸು ಆ ಕಡೆಯೇ ಹೋಗುತ್ತೆ. ಹದಿಮೂರು ಅಂತಸ್ತು, ಬೂದು ಬಣ್ಣದ ಅಲ್ಯೂಮಿನಿಯಂ ಹೊದಿಕೆ, ಮೇಲಿನ ಅಂತಸ್ತುಗಳು ಮುಂದಕ್ಕೆ ಬಾಗಿವೆ. 2021ರಲ್ಲಿ ತೆರೆದರು. ಊರಿನ ಅರ್ಧ ಜನಕ್ಕೆ ಇದು ಚೆನ್ನಾಗಿಲ್ಲ ಅಂತ ಕೋಪ. ನನಗಂತೂ ಇಷ್ಟವೇ. ಒಬ್ಬ ಚಿತ್ರಗಾರನ ಹೆಸರಲ್ಲಿ ಊರಿನ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಹದಿಮೂರು ಅಂತಸ್ತು ಎಬ್ಬಿಸಿದ್ದಾರಲ್ಲ ಅಪ್ಪಾ, ಅದು ಸಣ್ಣ ವಿಷಯವಾ? ಮುಂಕ್ ತನ್ನ ಹತ್ತಿರ ಉಳಿದಿದ್ದದ್ದನ್ನೆಲ್ಲ ಓಸ್ಲೋ ನಗರಕ್ಕೆ ಉಯಿಲು ಬರೆದಿಟ್ಟಿದ್ದರು. 1944ರ ಜನವರಿಯಲ್ಲಿ ಅವರು ತೀರಿಕೊಂಡಾಗ ಸಾವಿರಕ್ಕೂ ಹೆಚ್ಚು ಪೇಂಟಿಂಗ್, ಹದಿನೈದು ಸಾವಿರಕ್ಕೂ ಹೆಚ್ಚು ಪ್ರಿಂಟ್, ಲೆಕ್ಕವಿಲ್ಲದಷ್ಟು ಪತ್ರ, ಟಿಪ್ಪಣಿ ನಗರದ ಪಾಲಿಗೆ ಬಂದವು. ಒಬ್ಬರ ಕೈಯಿಂದ ಅಷ್ಟು ಕೆಲಸ. ಮೊದಲು 1963ರಲ್ಲಿ, ಅವರು ಹುಟ್ಟಿ ನೂರು ವರ್ಷ ಆದಾಗ, ಬೇರೆ ಕಡೆ ಒಂದು ಚಿಕ್ಕ ಮ್ಯೂಸಿಯಂ ಕಟ್ಟಿದ್ದರು. 2004ರಲ್ಲಿ ಹಾಡಹಗಲೇ ಪಿಸ್ತೂಲು ಹಿಡಿದು ಬಂದವರು ಮುಂಕ್ ಬರೆದ 'ಸ್ಕ್ರೀಮ್' ಮತ್ತು 'ಮಡೋನ್ನಾ' ಚಿತ್ರಗಳೆರಡನ್ನೂ ಗೋಡೆಯಿಂದ ಕಿತ್ತುಕೊಂಡು ಹೋದದ್ದು ಅಲ್ಲಿಂದಲೇ. ಎರಡು ವರ್ಷದ ಮೇಲೆ ಸಿಕ್ಕವು. 'ಸ್ಕ್ರೀಮ್'ನ ಕೆಳಗಿನ ಎಡ ಮೂಲೆಯಲ್ಲಿ ತೇವದ ಕಲೆ ಈಗಲೂ ಇದೆ ಅಂತಾರೆ. ಅದನ್ನೂ ನೋಡಿಕೊಂಡು ಬರ್ತೀನಿ.

ನಿಮ್ಮ ಪಟ್ಟಿಯ ಮೊದಲ ಪ್ರಶ್ನೆ 'ಸ್ಕ್ರೀಮ್' ಬಗ್ಗೆ ತಾನೇ. ಅದು ಒಂದೇ ಚಿತ್ರ ಅಲ್ಲ. ತುಂಬಾ ಪ್ರಸಿದ್ಧವಾದ 1893ರ ಪೇಂಟಿಂಗ್ ಇರುವುದು ಇದೇ ಊರಿನ ನ್ಯಾಷನಲ್ ಮ್ಯೂಸಿಯಂನಲ್ಲಿ. ಮುಂಕ್ ಮ್ಯೂಸಿಯಂನಲ್ಲಿ ಒಂದು ಪೇಂಟಿಂಗ್, ಒಂದು ಕ್ರೆಯಾನ್ ಚಿತ್ರ, ಒಂದು ಕಲ್ಲಚ್ಚಿನ ಪ್ರಿಂಟ್ ನೋಡಲು ಇಟ್ಟಿದ್ದಾರೆ. ಮೂರನ್ನೂ ಒಟ್ಟಿಗೆ ತೋರಿಸುವುದಿಲ್ಲ. ಮಂದ ಬೆಳಕಿನ ಒಂದು ಕೋಣೆ, ಒಂದು ಚಿತ್ರದ ಬಾಗಿಲು ತೆರೆದಿರುವಾಗ ಉಳಿದೆರಡು ಮುಚ್ಚಿರುತ್ತವೆ. ಸ್ವಲ್ಪ ಹೊತ್ತಾದ ಮೇಲೆ ಅದು ಮುಚ್ಚಿ ಇನ್ನೊಂದು ತೆರೆದುಕೊಳ್ಳುತ್ತೆ. ಎಲ್ಲಾ ಕಾಗದ ಮತ್ತು ರಟ್ಟಿನ ಮೇಲಿನ ಕೆಲಸ ಅಲ್ವಾ, ಬೆಳಕು ಬಿದ್ದಷ್ಟೂ ಬಣ್ಣ ಹೋಗುತ್ತೆ. ಪೇಂಟಿಂಗ್ ಕೂಡ ಬರೀ ರಟ್ಟಿನ ಮೇಲೆ, ಟೆಂಪೆರಾ ಅನ್ನುವ ಬಣ್ಣ ಮತ್ತು ಎಣ್ಣೆಬಣ್ಣ, ಕೆಳಗೆ ಬಿಳಿ ಲೇಪ ಕೊಟ್ಟಿಲ್ಲ. ಹಾಗಾಗಿ ಮೂರೂ ಬಾಗಿಲು ಒಂದು ಸುತ್ತು ತೆರೆಯುವವರೆಗೆ ಅಲ್ಲೇ ನಿಂತಿರುವುದು ಅಂತ ತೀರ್ಮಾನ ಮಾಡಿದ್ದೇನೆ.

ಆದರೆ ನನಗೆ ಜಾಸ್ತಿ ಆಸೆ ಇರುವುದು ಮರದಚ್ಚಿನ ಮೇಲೆ, ನಿಮಗೂ ಅದೇ ಹಿಡಿಸುತ್ತೆ. ಒಂಬತ್ತನೇ ಕ್ಲಾಸಿಗೆ ನೀವು ಲಿನೋ ಕೆತ್ತುವುದು ಹೇಳಿಕೊಡುತ್ತಿದ್ದಿರಲ್ಲ, ಬಣ್ಣಕ್ಕೊಂದು ಪಡಿಯಚ್ಚು, ಒಂದರ ಮೇಲೆ ಒಂದು ಸರಿಯಾಗಿ ಕೂರದೆ ಅರ್ಧ ಪ್ರಿಂಟ್ ಹಾಳಾಗುತ್ತಿತ್ತು. ಮುಂಕ್ ಏನು ಮಾಡುತ್ತಿದ್ದರು ಗೊತ್ತಾ? ಕೆತ್ತಿದ ಹಲಗೆಯನ್ನೇ ಸಣ್ಣ ಗರಗಸದಿಂದ ತುಂಡು ಮಾಡುತ್ತಿದ್ದರು. ಆಕಾಶ ಒಂದು ತುಂಡು, ದಡ ಒಂದು ತುಂಡು, ನಿಂತ ಹೆಂಗಸು ಒಂದು ತುಂಡು. ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ, ಒಂದೇ ಸಲಕ್ಕೆ ಒತ್ತುತ್ತಿದ್ದರು. ತುಂಡು ತುಂಡಿನ ನಡುವೆ ಬಿಳಿ ಗೆರೆ ಉಳಿಯುತ್ತೆ, ಅದನ್ನು ಮುಚ್ಚಲು ಹೋಗುತ್ತಿರಲಿಲ್ಲ. ಮರದ ನಾರಿನ ಗೆರೆಗಳೂ ಹಾಗೇ ಕಾಗದದ ಮೇಲೆ ಇಳಿಯುತ್ತವೆ. ಆ ಬಿಳಿ ಗೆರೆ ಎಷ್ಟು ಅಗಲ ಇದೆ, ಯಾವ ಬಣ್ಣ ಯಾವುದಕ್ಕೆ ಸೋರಿದೆ ಅಂತ ಹತ್ತಿರ ನಿಂತು ನೋಡಿ ಬರೀತೀನಿ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಸಂಕಟ ಆಗುತ್ತೆ. ಈ ಮನುಷ್ಯ ತನ್ನ ಪೇಂಟಿಂಗ್‌ಗಳನ್ನು ಮನೆಯ ಹೊರಗೆ ಮಳೆ, ಹಿಮದಲ್ಲೇ ಬಿಟ್ಟುಬಿಡುತ್ತಿದ್ದರು. ತಡೆದುಕೊಂಡು ಉಳಿದರೆ ಉಳಿಯಲಿ ಅಂತ. ನೀವಾದರೆ ಡ್ರಾಯಿಂಗ್ ಹಾಳೆಗಳನ್ನು ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟವರು.

ಆರನೇ ಅಂತಸ್ತಿನಲ್ಲಿ ಗೋಡೆಯಗಲದ ಚಿತ್ರಗಳಿವೆ, ಇಲ್ಲಿನ ವಿಶ್ವವಿದ್ಯಾಲಯದ ಸಭಾಂಗಣಕ್ಕಾಗಿ ಕೆಲಸ ಮಾಡುವಾಗ ಬರೆದವು. ಅದರಲ್ಲಿ 'ಸೂರ್ಯ' ಒಂದು. ನಮ್ಮ ಪಡಸಾಲೆಯ ಗೋಡೆ ಅದಕ್ಕೆ ಸಾಲದು. ಬಾಗಿಲಲ್ಲಿ ತರಲು ಆಗದೆ, ಕಟ್ಟಡ ಮುಗಿಯುವ ಮುಂಚೆಯೇ ಗೋಡೆಯಲ್ಲಿ ಸೀಳು ಬಿಟ್ಟು ಕ್ರೇನಿನಿಂದ ಒಳಗೆ ಇಳಿಸಿದರಂತೆ. ಜೂನಿನಲ್ಲಿ ನೀವು, ಅಮ್ಮ ಬಂದಾಗ ಅದರ ಮುಂದೆ ಬೆಂಚಿನ ಮೇಲೆ ಕೂರಿಸಿ ಎಷ್ಟು ಹೊತ್ತು ಬೇಕಾದರೂ ಬಿಡ್ತೀನಿ. ಜೂನಿನಲ್ಲಿ ಇಲ್ಲಿ ರಾತ್ರಿ ಹತ್ತೂವರೆಗೂ ಸೂರ್ಯ ಇರ್ತಾನೆ, ಹೊರಗೂ ನೋಡಬಹುದು. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಲಿಫ್ಟ್ ಇದೆ. ಮ್ಯೂಸಿಯಂ ಪಕ್ಕದಲ್ಲೇ ಸಮುದ್ರಕ್ಕೆ ಮುಖ ಮಾಡಿ ಒಂಬತ್ತು ಮೀಟರ್ ಎತ್ತರದ ಕಂಚಿನ ತಾಯಿಯ ವಿಗ್ರಹ ಮಂಡಿಯೂರಿ ಕೂತಿದೆ. ಟ್ರೇಸಿ ಎಮಿನ್ ಅನ್ನುವವರು ಮಾಡಿದ್ದು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಮುಂಕ್‌ಗೆ ಅಂತಲೇ ಮಾಡಿದ ತಾಯಿ ಅದು.

ಅಪ್ಪಾ, ನಾನು ಹೇಳಬೇಕಾದ್ದು ಇಲ್ಲಿಂದ ಮುಂದಿದೆ. ದಯವಿಟ್ಟು ಪೂರ್ತಿ ಓದಿ.

ಮುಂಕ್‌ಗೆ ಐದು ವರ್ಷ ಆಗಿದ್ದಾಗ ತಾಯಿ ಕ್ಷಯದಿಂದ ಹೋದರು, 1868ರಲ್ಲಿ. 1877ರಲ್ಲಿ ಅಕ್ಕ ಸೋಫಿ ಅದೇ ಕಾಯಿಲೆಯಿಂದ, ಹದಿನೈದನೇ ವಯಸ್ಸಿಗೆ. ಮನೆಯ ಯಜಮಾನರು ಸೈನ್ಯದ ಡಾಕ್ಟರ್. ಡಾಕ್ಟರ್ ಮನೆಯಲ್ಲೇ ಹೆಂಡತಿಯನ್ನೂ ಮಗಳನ್ನೂ ಉಳಿಸಿಕೊಳ್ಳಲು ಆಗಲಿಲ್ಲ. ಯಾಕೆಂದರೆ ಆಗ ಆ ಕಾಯಿಲೆ ಯಾವುದರಿಂದ ಬರುತ್ತೆ ಅಂತಲೇ ಗೊತ್ತಿರಲಿಲ್ಲ. ಕೋಖ್ ಅನ್ನುವ ಜರ್ಮನ್ ಡಾಕ್ಟರ್ ಆ ರೋಗಾಣುವನ್ನು ತೋರಿಸಿದ್ದು 1882ರಲ್ಲಿ. ಮೊದಲ ಔಷಧಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ, ಮುಂಕ್ ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳ ಮುಂಚೆ. ಅಕ್ಕನ ಆ ದಿನಗಳನ್ನು 'ಸಿಕ್ ಚೈಲ್ಡ್' ಅಂತ ಅವರು ನಲವತ್ತು ವರ್ಷದಲ್ಲಿ ಆರು ಸಲ ಬರೆದರು. ದಿಂಬಿಗೆ ಒರಗಿದ ಹುಡುಗಿ, ಪಕ್ಕದಲ್ಲಿ ತಲೆ ಬಗ್ಗಿಸಿ ಕೂತ ಹೆಂಗಸು. ಮೊದಲ ಸಲ ಬರೆದಾಗ ಬಣ್ಣ ಹಚ್ಚುವುದು, ಕೆರೆದು ತೆಗೆಯುವುದು, ಮತ್ತೆ ಹಚ್ಚುವುದು. ಆ ಗೀರುಗಳನ್ನು ನೋಡಿ ಜನ ಆಗ ಬೈದರಂತೆ. ಆರರಲ್ಲಿ ಎರಡು ಈ ಮ್ಯೂಸಿಯಂನವು.

ಈಗ ಅದೇ ಕಾಯಿಲೆಗೆ ಆರು ತಿಂಗಳ ಮಾತ್ರೆ. ಅಷ್ಟೇ.

ನಿಮ್ಮ ಕೆಮ್ಮು ನನಗೆ ಫೋನಿನಲ್ಲಿ ಕೇಳಿಸುತ್ತೆ. ಮಾತಿನ ನಡುವೆ ನೀವು ಫೋನನ್ನು ಆ ಕಡೆ ತಿರುಗಿಸಿ ಹಿಡಿಯುವುದೂ ಗೊತ್ತಾಗುತ್ತೆ. ಧೂಳಿನಿಂದ ಬಂದ ಕೆಮ್ಮು ಅಂತ ಇಷ್ಟು ದಿನ ಸುಮ್ಮನಿರಬಾರದು. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫವನ್ನು ಅವರು ಕೊಡುವ ಡಬ್ಬಿಯಲ್ಲಿ ಹಾಕಿ ಕೊಡುವುದು, ಎದೆಯ ಎಕ್ಸ್‌ರೇ ತೆಗೆಸುವುದು, ಇಷ್ಟೇ ಕೆಲಸ. ಇದರಲ್ಲಿ ನಾಚಿಕೆಯ ಮಾತು ಏನಿದೆ? ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಇದೇ ಕಾಯಿಲೆಯ ಪರೀಕ್ಷೆ ಮಾಡಿದರು. ನಮ್ಮಂಥ ದೇಶಗಳಿಂದ ಮೂರು ತಿಂಗಳಿಗಿಂತ ಹೆಚ್ಚು ಇರಲು ಬರುವವರಿಗೆಲ್ಲ ಇಲ್ಲಿ ಅದು ಕಡ್ಡಾಯ. ಎಂಜಿನಿಯರು, ಪ್ರೊಫೆಸರು, ವಿದ್ಯಾರ್ಥಿ ಎಲ್ಲರೂ ಒಂದೇ ಕಡೆ ಕೂತಿದ್ದೆವು. ಯಾರೂ ಯಾರ ಮುಖವನ್ನೂ ಬೇರೆ ರೀತಿ ನೋಡಲಿಲ್ಲ. ನನ್ನದು ಏನೂ ಇಲ್ಲ ಅಂತ ಬಂತು. ನಿಮ್ಮದೂ ಹಾಗೇ ಬರಬಹುದು. ಬರದಿದ್ದರೂ ಮಾತ್ರೆ ಶುರುವಾದ ಕೆಲವು ವಾರಕ್ಕೆ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತೆ. ಅಮ್ಮ ಅದೇ ಕೋಣೆಯಲ್ಲಿ ಮಲಗುತ್ತಾಳೆ, ಮಂಜುವಿನ ಕೂಸು ನಿಮ್ಮ ತೊಡೆ ಬಿಟ್ಟು ಇಳಿಯುವುದಿಲ್ಲ. ಅವರಿಗಾಗಿಯಾದರೂ ಹೋಗಿ.

ಶನಿವಾರದ ಟಿಕೆಟ್ ಇನ್ನೂ ತಗೊಂಡಿಲ್ಲ. ನೀವು ಕಫ ಕೊಟ್ಟು ಬಂದೆ ಅಂತ ಫೋನ್ ಮಾಡಿದ ದಿನ ತಗೋತೀನಿ. ನಿಮ್ಮ ಪಟ್ಟಿಯ ಒಂದೊಂದು ಪ್ರಶ್ನೆಗೂ ಉತ್ತರ ಬರೆದು ಕಳಿಸ್ತೀನಿ. ಜೂನಿನ ವೀಸಾಕ್ಕೆ ಮೂವತ್ತು ಸಾವಿರ ಯೂರೋದ ಆರೋಗ್ಯ ವಿಮೆ ಬೇಕು, ಅದರ ಕಾಗದ ನಾನೇ ನೋಡ್ಕೋತೀನಿ. ಜೂನಿಗೆ ಆಗದಿದ್ದರೆ ಆಗಸ್ಟಿಗೆ ಬನ್ನಿ. ಚಿತ್ರಗಳು ಎಲ್ಲಿಗೂ ಹೋಗುವುದಿಲ್ಲ.

*

ಅಮ್ಮಾ, ಮತ್ತೆ ನಿನಗೆ. ಸೋಮವಾರ ರಜೆ ಹಾಕ್ತೀನಿ ಅಂತ ಮಂಜು ಹೇಳಿದ್ದಾನೆ, ಬೈಕ್ ಬೇಡ, ಆಟೋದಲ್ಲಿ ಕರೆದುಕೊಂಡು ಹೋಗಲಿ. ರಿಸಲ್ಟ್ ಬರುವವರೆಗೆ ಕಿಟಕಿ ತೆರೆದಿಡು, ಕೂಸನ್ನು ಸ್ವಲ್ಪ ದೂರ ಇಡಿ, ಅಪ್ಪ ಬಾಯಿಗೆ ಬಟ್ಟೆ ಹಿಡಿದು ಕೆಮ್ಮಲಿ. ನಿನಗೂ ಒಂದು ಸಲ ತೋರಿಸಿಕೋ. ಮೊಟ್ಟೆ, ಹಾಲು ನಿಲ್ಲಿಸಬೇಡ. ದುಡ್ಡು ಶುಕ್ರವಾರವೇ ಹಾಕಿದ್ದೇನೆ, ಇನ್ನೂ ಬೇಕಾದರೆ ಇನ್ನೂ ಇದೆ. ನನಗೆ ಇಲ್ಲಿ ಏನೂ ತೊಂದರೆ ಇಲ್ಲ, ಚಳಿ ಅಭ್ಯಾಸ ಆಗಿದೆ, ಊಟ ಚೆನ್ನಾಗಿ ಮಾಡ್ತಿದ್ದೀನಿ, ನಿದ್ದೆ ಚೆನ್ನಾಗಿ ಬರುತ್ತೆ, ನನ್ನ ಬಗ್ಗೆ ಒಂಚೂರೂ ಯೋಚನೆ ಮಾಡಬೇಡ.

ಮಂಜು ಈಗ ಆನ್‌ಲೈನ್ ಇದ್ದಾನೆ, ಮಲಗುವುದರೊಳಗೆ ಕಳಿಸಬೇಕು. ಉಳಿದದ್ದು ಆಮೇಲೆ.

ನಿನ್ನ
ವೀಣಾ

ಅಪ್ಪನ ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎರಡೂ ತಗೊಂಡು ಹೋಗೋಕೆ ಹೇಳು. ಚೀಟಿ ಮಾಡಿಸುವ ಕಡೆ ರಶ್ ಇರುತ್ತೆ, ಬೇಗ ಹೊರಡಿ.