ಅಭಾರಿಯಾಗಿದ್ದೇನೆ, ಮುಖ್ಯವಾಗಿ ಸಭೆಗೆ ಬಾರದವರಿಗೆ

ಕಳೆದ ತಿಂಗಳು ಅಪರಾಧಶಾಸ್ತ್ರದ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತನಾದೆ. ಧಾರವಾಡದಲ್ಲಿ ಗೆಳೆಯರು ಶಾಲು ಹೊದಿಸಿ, ಹಾರ ಹಾಕಿ, ನನ್ನಲ್ಲಿಲ್ಲದ ಗುಣಗಳನ್ನೂ ಸೇರಿಸಿ ಹೊಗಳಿದರು. ಅವರಿಗೆಲ್ಲ ಅಂದೇ ವಂದಿಸಿದ್ದಾಗಿದೆ. ಆದರೆ ನನ್ನ ಸಂಶೋಧನೆ ನಿಂತದ್ದು ಅಂಥ ಸಭೆಗೆ ಯಾರೂ ಕರೆಯದ ಮಂದಿಯ ಮೇಲೆ. ಈ ಬರಹ ಅವರಿಗೆ.

ಎಂ.ಎ.ಗೆ ಸೇರಿದಾಗ ನನ್ನ ಆಸಕ್ತಿಯೆಲ್ಲ ಬೆರಳಚ್ಚು, ರಕ್ತದ ಕಲೆಗಳಲ್ಲಿತ್ತು. ಜೈಲಿನ ಕಡೆ ತಿರುಗಿಸಿದವರು ನನ್ನ ಗೈಡು. 1979ರ ಹುಸೈನಾರಾ ಖಾತೂನ್ ಪ್ರಕರಣದ ತೀರ್ಪನ್ನು ಕೈಗಿಟ್ಟು ಓದಿಕೊಂಡು ಬಾ ಅಂದರು. ಬಿಹಾರದ ಜೈಲುಗಳಲ್ಲಿ, ಅಪರಾಧ ಸಾಬೀತಾಗಿದ್ದರೂ ಆಗುತ್ತಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ನಡೆಯದೆ ಕೊಳೆತವರ ಪ್ರಕರಣವದು. "ತೀರ್ಪು ಬಂದಾಗಿದೆಯಲ್ಲ ಸರ್, ಇನ್ನೇನು ಸಂಶೋಧನೆ?" ಅಂದೆ. ಅವರು ನಕ್ಕು, ಜೈಲಿನೊಳಗೆ ಹೋಗಲು ಅನುಮತಿಯ ಅರ್ಜಿ ಬರೆಸಿದರು. (ಆ ಕಡತ ಮೇಜಿನಿಂದ ಮೇಜಿಗೆ ಹೋದ ವೇಗದ ಮೇಲೇ ಇನ್ನೊಂದು ಪಿಎಚ್.ಡಿ. ಆಗುತ್ತಿತ್ತು.)

ಒಳಗೆ ಹೋದ ಹೊಸದರಲ್ಲಿ ಮಾತಿಗೆ ಸಿಕ್ಕವನು ಒಬ್ಬ ಗೌಂಡಿ. ಪ್ರಶ್ನಾವಳಿ ಹಿಡಿದು "ಜಾಮೀನು ಸಿಕ್ಕಿದೆಯೇ?" ಅಂದೆ. "ಜಾಮೀನು ಆಗೇತ್ರಿ ಸರ. ಪಹಣಿ ಆಗಿಲ್ಲ," ಅಂದ.

ನನ್ನ ಪ್ರಶ್ನಾವಳಿಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಜಾಮೀನಿಗೆ ಶ್ಯೂರಿಟಿ, ಅಂದರೆ ಹೊಣೆ, ನಿಲ್ಲುವವರ ಹೆಸರಿನಲ್ಲಿ ಹೊಲದ ಪಹಣಿ ಬೇಕು. ಅವನ ಬಳಗದಲ್ಲಿ ಯಾರಿಗೂ ಗುಂಟೆ ಜಮೀನಿಲ್ಲ, ಅಣ್ಣ ಗೋವಾಕ್ಕೆ ದುಡಿಯಲು ಹೋದವನು. ಜಡ್ಜ್ ಸಾಹೇಬರು ಬಿಡುಗಡೆಗೆ ಆದೇಶ ಮಾಡಿದ್ದರೂ ಇವನು ಬ್ಯಾರಕ್ಕಿನಲ್ಲಿ ಉಳಿದಿದ್ದ. ಮಧ್ಯಪ್ರದೇಶದ ಮೋತಿರಾಮ್ ಕೂಡ ಗೌಂಡಿಯೇ. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ಶ್ಯೂರಿಟಿ ಒಪ್ಪದಿದ್ದಾಗ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲೇ ಆ ನಿರಾಕರಣೆಯನ್ನು ತಳ್ಳಿಹಾಕಿದ್ದರು. ಕಾನೂನು ಅಲ್ಲಿತ್ತು, ಇವನು ಇಲ್ಲಿದ್ದ. ಮುಂದೆ ನಾನು ಬರೆದದ್ದೆಲ್ಲ ಈ ನಡುವಿನ ಜಾಗದ ಬಗ್ಗೆಯೇ. ಆ ಗೌಂಡಿಗೆ ನನ್ನ ಮೊದಲ ನಮಸ್ಕಾರ.

ಮುಲಾಕತ್ತಿನ, ಅಂದರೆ ಕೈದಿಗಳ ಭೇಟಿಯ, ಸರದಿಯಲ್ಲಿ ರೊಟ್ಟಿಗಂಟು ಹಿಡಿದು ನಿಂತೇ ನನ್ನ ಪ್ರಶ್ನೆಗಳಿಗೆ ಉತ್ತರಿಸಿದ ತಾಯಂದಿರಿಗೆ. "ಸಾಹೇಬ್ರು ಊಟಕ್ಕ ಹೋಗ್ಯಾರ, ಲಗೂ ಮುಗಸ್ರಿ" ಎಂದು ಕೈದಿಯ ಜೈಲು ದಾಖಲೆಯಾದ ಹಿಸ್ಟರಿ ಟಿಕೆಟ್ ಓದಲು ಬಿಟ್ಟ ಹೆಡ್ ವಾರ್ಡರಿಗೆ. ಕೋರ್ಟಿಗೆ ಕರೆದೊಯ್ಯುವ ಎಸ್ಕಾರ್ಟ್ ಪೊಲೀಸರಿಲ್ಲದೆ ಎಷ್ಟು ತಾರೀಖು ತಪ್ಪುತ್ತವೆಂದು ಆರ್ಡರ್ ಶೀಟ್ (ಕೋರ್ಟಿನ ದಿನದಿನದ ದಾಖಲೆ) ತೋರಿಸಿ ತಿಳಿಸಿಕೊಟ್ಟ ಬೆಂಚ್ ಕ್ಲರ್ಕಿಗೆ ಋಣಿ. ಹೆಸರು ಬರೆದರೆ ಕೆಲವರಿಗೆ ಈಗಲೂ ತೊಂದರೆ. ಹೆಂಡತಿಗೆ ಏನು ಹೇಳಲಿ, ನನ್ನ ಕರಡುಗಳಲ್ಲಿದ್ದ ಸಂಸ್ಕೃತವನ್ನೆಲ್ಲ ಹೊಡೆದುಹಾಕಿದವಳು ಅವಳು.

ಆಗಿದ್ದೇನು? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ವಿಚಾರಣೆ ಇನ್ನೂ ಮುಗಿಯದವರು. ನನ್ನ ಪುಸ್ತಕಗಳಿಂದ ಇದರಲ್ಲಿ ಒಂದು ಅಂಕಿಯೂ ಇಳಿದಿಲ್ಲ. ಆದರೂ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಜಾಮೀನು ಸಿಕ್ಕಿ ಏಳು ದಿನವಾದರೂ ಹೊರಬರದವರ ವಿಷಯವನ್ನು ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದಾಗ, ಗೌಂಡಿಯ ಕಾಲಮ್ಮು ಕೊನೆಗೂ ಸೇರಿತಲ್ಲ ಅನಿಸಿತು. 2024ರ ಜುಲೈಯಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಮರಣದಂಡನೆ, ಜೀವಾವಧಿಯಂಥ ಪ್ರಕರಣಗಳನ್ನು ಬಿಟ್ಟು, ಹಿಂದೆ ಯಾವ ಅಪರಾಧವೂ ಸಾಬೀತಾಗಿರದವರಿಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದ ಮೇಲೆ ಬಿಡುಗಡೆಯ ದಾರಿ ತೆರೆದಿದೆ. ಅದು ನಮ್ಮ ಜೈಲುಗಳಲ್ಲಿ ಹೇಗೆ ನಡೆಯುತ್ತಿದೆ ಎಂದು ಯಾರಾದರೂ ಕೂತು ಲೆಕ್ಕ ಹಾಕಬೇಕು.

ಆ ಕೆಲಸ ಹಿಡಿಯುವ ಹುಡುಗ-ಹುಡುಗಿಯರಿಗೆ ನನ್ನ ಟಿಪ್ಪಣಿ ಪುಸ್ತಕಗಳು, ಹೆಸರುಗಳನ್ನು ಅಳಿಸಿದ ಮೇಲೆ, ವಿಭಾಗದಲ್ಲಿ ಸಿಗುತ್ತವೆ. ಕೈಬರಹ ತಿಳಿಯದಿದ್ದರೆ ಫೋನ್ ಮಾಡಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೇಡ, ಧಾರವಾಡದಲ್ಲಿ ಅದು ಮಲಗುವ ಹೊತ್ತು.