ಗುಂಪಿನಲ್ಲಿ ಪೂರ್ತಿ ಪದ ಬರೆಯಿರಿ

ಮುಂಬಯಿಯ ಕನ್ನಡ ಬಂಧುಗಳಿಗೆ ನಮಸ್ಕಾರ.

ಮೊನ್ನೆ ಒಬ್ಬರು ‘ಮತ್ಸ್ಯಗಂಧಕ್ಕೆ ಎಲ್‌ಟಿಟಿಗೆ ಬನ್ನಿ, ಟಿಸಿ’ ಎಂದು ನಮ್ಮ ಈ ಗುಂಪಿನಲ್ಲಿ ಬರೆದಿದ್ದರು. ಮತ್ಸ್ಯಗಂಧ ಎಂದರೆ ಮಂಗಳೂರಿಗೆ ಹೋಗುವ ರೈಲು. ಊರಿಂದ ಬಂದ ಅಜ್ಜಿಯೊಬ್ಬರು ಗಾಬರಿಯಾಗಿ ನನಗೆ ಫೋನ್ ಮಾಡಿದರು. ಟಿಸಿ ಅಂದರೆ ಟಿಕೆಟ್ ನೋಡುವವರು ಅಲ್ವಾ? ಬರೆದವರು ಹೇಳಿದ್ದು ‘ಟೇಕ್ ಕೇರ್’ ಅಂತ. ಎಲ್‌ಟಿಟಿ ಎಂದರೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಅಂತಲೂ ಅವರಿಗೆ ಗೊತ್ತಿರಲಿಲ್ಲ. ವಿಟಿ (ವಿಕ್ಟೋರಿಯಾ ಟರ್ಮಿನಸ್) ಸ್ಟೇಷನ್‌ಗೆ 1996ರಲ್ಲೇ ಛತ್ರಪತಿ ಶಿವಾಜಿ ಟರ್ಮಿನಸ್ ಎಂಬ ಹೊಸ ಹೆಸರು ಬಂತು, 2017ರಲ್ಲಿ ಅದಕ್ಕೆ ‘ಮಹಾರಾಜ್’ ಸೇರಿತು. ಆದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇನ್ನೂ ವಿಟಿಯೇ. ಸುಮ್ನೆ ‘ಸಿಎಸ್‌ಎಂಟಿ’ ಎಂದರೆ ಅವರು ತಡವರಿಸುತ್ತಾರೆ.

‘ಜಿಎಂ’ (ಗುಡ್ ಮಾರ್ನಿಂಗ್), ‘ಓಕೆ’ ಇರಲಿ, ತೊಂದರೆಯಿಲ್ಲ. ಸ್ಟೇಷನ್, ಸಮಯ, ಔಷಧಿ, ಹಣದ ವಿಷಯ ಮಾತ್ರ ದಯವಿಟ್ಟು ಪೂರ್ತಿ ಬರೆಯಿರಿ. ಅರ್ಥವಾಗದಿದ್ದರೆ ಇಲ್ಲೇ ಕೇಳಿ. ಕೇಳಿದವರನ್ನು ನೋಡಿ ಯಾರೂ ನಗಬೇಡಿ.